ಬಿಲ್ಲಿನ ಬೆನ್ನಿಗೆ ರೇಷ್ಮೆ: ಬಟ್ಟೆ ಆರಿಸುವವರಿಗೆ 18 ಸೂತ್ರಗಳು

ದಾವಣಗೆರೆ ಸೀಮೆಯವರಿಗೆ ಬಿಲ್ಲು ಹೊಸದಲ್ಲ. ಭರತ ಹುಣ್ಣಿಮೆ ಜಾತ್ರೆಗೆ ಮೈಲಾರಕ್ಕೆ, ದಸರೆಗೆ ದೇವರಗುಡ್ಡಕ್ಕೆ ಹೋಗಿ, ಗೊರವಪ್ಪ ಬಿಲ್ಲೇರಿ ನುಡಿಯುವ ಕಾರ್ಣಿಕ ಕೇಳಿ ಬರುವ ಮನೆಗಳು ಹರಿಹರದಿಂದ ಆನಗೋಡಿನವರೆಗೂ ಇವೆ. ವಿಜಯದಶಮಿಯ ಸಂಜೆ ಬನ್ನಿ ಮುಡಿಯುವ ಹೊತ್ತಿಗೆ ಅಂಬು ಹೊಡೆಯುವ ರೂಢಿಯೂ ಈ ಕಡೆ ಉಂಟು. ಇಂಥ ನೆಲದಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಕೈಯಾರೆ ಒಂದು ಮರದ ಬಿಲ್ಲು ಕೆತ್ತಬೇಕೆಂದು ಹೊರಟರೆ, ಆ ಬಿಲ್ಲು ಮೊದಲ ವಾರದಲ್ಲೇ ಮುರಿದು ಮೂಲೆ ಸೇರಬಾರದು ಅನ್ನುವುದು ನನ್ನ ಆಸೆ.

ಮುರಿಯುವ ಬಿಲ್ಲು ಹೆಚ್ಚಾಗಿ ಬೆನ್ನಿನಿಂದಲೇ ಮುರಿಯುತ್ತದೆ. ಹೆದೆ ಎಳೆದಾಗ ಗುರಿಯ ಕಡೆಗಿರುವ ಮೈ ಬೆನ್ನು, ನಮ್ಮ ಮುಖದ ಕಡೆಗಿರುವುದು ಹೊಟ್ಟೆ. ಬಿಲ್ಲು ಬಾಗಿದಷ್ಟೂ ಹೊಟ್ಟೆ ಕುಗ್ಗುತ್ತದೆ, ಬೆನ್ನು ಹಿಗ್ಗುತ್ತದೆ. ಹಿಗ್ಗುವಾಗ ಮರದ ಒಂದೇ ಒಂದು ನಾರು ಸಿಬಿರಾಗಿ ಎದ್ದರೂ ಸಾಕು, ಬಿರುಕು ಅಲ್ಲಿಂದ ಒಳಕ್ಕೆ ಓಡುತ್ತದೆ. ಸಿಬಿರು ಏಳದಂತೆ ಬೆನ್ನಿನ ಉದ್ದಕ್ಕೂ ತೆಳ್ಳನೆಯ ಬಟ್ಟೆ ಅಂಟಿಸುವುದು ಬಿಲ್ಲು ಮಾಡುವವರಲ್ಲಿ ಬಳಕೆಯಲ್ಲಿರುವ ಕ್ರಮ. ಅದಕ್ಕೆ ರೇಷ್ಮೆಯೇ ಒಳ್ಳೆಯದೆಂದು ನನ್ನ ಗಟ್ಟಿಯಾದ ಅಭಿಪ್ರಾಯ. ಆದರೆ ಯಾವ ರೇಷ್ಮೆ? ಮದುವೆ ಸೀರೆ ಆರಿಸುವ ಕಣ್ಣಿನಿಂದ ಬಿಲ್ಲಿನ ರೇಷ್ಮೆ ಆರಿಸಿದರೆ ದುಡ್ಡೂ ಹೋಗುತ್ತದೆ, ಬಿಲ್ಲೂ ಹೋಗುತ್ತದೆ.

1. ಮೊದಲು ಮರ ನೋಡಿ, ಆಮೇಲೆ ಬಟ್ಟೆ ಅಂಗಡಿ

ಕೆತ್ತಿದ ಬಿಲ್ಲನ್ನು ಬಿಸಿಲಿಗೆ ಓರೆಯಾಗಿ ಹಿಡಿದು, ಬೆನ್ನಿನ ಮೇಲೆ ಮರದ ಎಳೆ ಎತ್ತ ಹರಿದಿದೆ ನೋಡಿ. ಒಂದು ಕೊಪ್ಪಿನಿಂದ, ಅಂದರೆ ಹೆದೆ ಸಿಕ್ಕಿಸುವ ತುದಿಯಿಂದ, ಇನ್ನೊಂದು ಕೊಪ್ಪಿನವರೆಗೆ ಎಲ್ಲೂ ತುಂಡಾಗದೆ ಹರಿದಿದ್ದರೆ ರೇಷ್ಮೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಅಲ್ಲಲ್ಲಿ ಅಂಚಿನ ಕಡೆ ಜಾರಿ ಹೋಗಿದ್ದರೆ ರೇಷ್ಮೆ ಬೇಕೇ ಬೇಕು. ಇಪ್ಪತ್ತು ಇಂಚು ಉದ್ದಕ್ಕೆ ಒಂದು ಇಂಚಿಗಿಂತ ಹೆಚ್ಚು ಓರೆಯಾಗಿದ್ದರೆ ಆ ಹಲಗೆಯನ್ನು ನಾನು ಬಿಲ್ಲಿಗೆ ಮುಟ್ಟುವುದೇ ಇಲ್ಲ. ಬೆನ್ನಿನ ನಡುವೆ ಗಂಟು ಇದ್ದರೂ ಅಷ್ಟೇ. ಅಂಥ ಮರವನ್ನು ಯಾವ ಬಟ್ಟೆಯೂ ಉಳಿಸದು.

ನಮ್ಮ ಎಲೆ ಉದುರುವ ಕಾಡುಗಳ ತಡಸಲು ಮರ ಬಾಗಿ ಮರಳುವ ಗುಣಕ್ಕೆ ಹೆಸರಾದದ್ದು. ಹಾಗೆಂದು ಕಾಡಿಗೆ ಕೊಡಲಿ ಹಿಡಿದು ಹೋಗಬೇಡಿ. ಪರವಾನಗಿ ಇರುವ ಸಾಮಿಲ್ಲಿನಲ್ಲಿ ನೇರ ಎಳೆಯ ಹಲಗೆ ಕೇಳಿ, ಇಡೀ ರಾಶಿ ತಿರುವಿ ಹಾಕಿಯಾದರೂ ಹುಡುಕಿ. ಬಿದಿರಿನ ಸಿಪ್ಪೆಯನ್ನೇ ಬೆನ್ನಾಗಿ ಉಳಿಸಿಕೊಂಡ ಬಿಲ್ಲಿಗೆ ರೇಷ್ಮೆಯ ಹಂಗಿಲ್ಲ. ಆ ಸಿಪ್ಪೆಯೇ ಒಳ್ಳೆಯ ಬೆನ್ನು, ಮೇಲಾಗಿ ಅದರ ನುಣುಪು ಮೈಗೆ ಅಂಟು ಹಿಡಿಯುವುದೂ ಇಲ್ಲ.

2. ರೇಷ್ಮೆಯಿಂದ ಬಿಲ್ಲಿಗೆ ಬಲ ಬರುವುದಿಲ್ಲ

ಮರ ತನ್ನ ಉದ್ದದ ನೂರರಲ್ಲಿ ಒಂದು ಪಾಲಿನಷ್ಟು ಹಿಗ್ಗುವ ಹೊತ್ತಿಗೆ ಹರಿಯುವ ಅಂಚಿಗೆ ಬಂದಿರುತ್ತದೆ. ರೇಷ್ಮೆಯ ಎಳೆ ಶೇಕಡಾ 15ರಿಂದ 20ರಷ್ಟು ಹಿಗ್ಗಿದ ಮೇಲೆಯೇ ತುಂಡಾಗುವುದು. ಅಂದರೆ ಮರ ಸೋಲುವ ಗಳಿಗೆಯಲ್ಲಿ ರೇಷ್ಮೆ ಇನ್ನೂ ದಣಿದೇ ಇರುವುದಿಲ್ಲ. ಹಾಗಾಗಿ ಅದು ನಾರುಗಳನ್ನು ಒತ್ತಿ ಹಿಡಿಯುತ್ತದೆ, ಬಿಲ್ಲಿನ ಎಳೆತಕ್ಕೆ ಮಾತ್ರ ಹೇಳಿಕೊಳ್ಳುವಷ್ಟು ಏನನ್ನೂ ಸೇರಿಸುವುದಿಲ್ಲ. 30 ಪೌಂಡಿನ ಬಿಲ್ಲು 30 ಪೌಂಡಿನದಾಗಿಯೇ ಉಳಿಯುತ್ತದೆ.

ಲಿನನ್ ಹಾಗಲ್ಲ. ಅದರ ಅಗಸೆ ನಾರು ನೂರರಲ್ಲಿ ಎರಡು ಮೂರು ಪಾಲು ಹಿಗ್ಗುವಷ್ಟರಲ್ಲಿ ತುಂಡಾಗುವ ಬಿರುಸು ನಾರು. ಅದು ಬೆನ್ನಿನ ಭಾರವನ್ನು ತಾನೂ ಹೊರುತ್ತದೆ, ಹೊಟ್ಟೆಯ ಮೇಲೆ ಒತ್ತಡ ಹಾಕುತ್ತದೆ. ಮೆತ್ತನೆಯ ಮರವಾದರೆ ಹೊಟ್ಟೆ ನಜ್ಜುಗುಜ್ಜಾಗಿ ಅಡ್ಡ ಗೆರೆಗಳು ಮೂಡುತ್ತವೆ. ಹತ್ತಿ ಗಿರಣಿಗಳಿಂದ ಬೆಳೆದ ಊರು ದಾವಣಗೆರೆ, ಹತ್ತಿ ಬಟ್ಟೆಯನ್ನೇ ಅಂಟಿಸಿದರಾಗದೇ ಎಂದು ಯಾರಾದರೂ ಕೇಳಬಹುದು. ಆಗುತ್ತದೆ. ಆದರೆ ಹತ್ತಿಯದು ತುಂಡು ನಾರು, ಅಷ್ಟೇ ಬಲಕ್ಕೆ ದಪ್ಪ ನೂಲು ಬೇಕು, ದಪ್ಪ ನೂಲು ಅಂಟು ಕುಡಿದು ಭಾರವಾಗುತ್ತದೆ. ಕೊಪ್ಪಿನ ಬಳಿ ಭಾರ ಹೆಚ್ಚಿದಷ್ಟೂ ಬಾಣ ನಿಧಾನ.

3. ಸುಟ್ಟು ನೋಡಿ ಖಾತ್ರಿ ಮಾಡಿಕೊಳ್ಳಿ

ಅಂಗಡಿಯಲ್ಲಿ ಸಿಲ್ಕ್ ಅಂದದ್ದೆಲ್ಲ ರೇಷ್ಮೆಯಲ್ಲ. ಆರ್ಟ್ ಸಿಲ್ಕ್, ಸೆಮಿ ಸಿಲ್ಕ್ ಹೆಸರಿನವು ಬಹುಪಾಲು ರೇಯಾನ್ ಇಲ್ಲವೇ ಪಾಲಿಯೆಸ್ಟರ್. ಉಡುವುದಕ್ಕೆ ಅವು ಚೆಂದವೇ. ಬಿಲ್ಲಿಗೆ ಮಾತ್ರ ಎರಡೂ ಕೂಡದು: ಪಾಲಿಯೆಸ್ಟರಿನ ಮೈಗೆ ಬಡಗಿಯ ಬಿಳಿ ಅಂಟು ಸರಿಯಾಗಿ ಹಿಡಿಯದು, ರೇಯಾನ್ ಒದ್ದೆಯಾದೊಡನೆ ತನ್ನ ಬಲದಲ್ಲಿ ಅರ್ಧದಷ್ಟು ಕಳೆದುಕೊಳ್ಳುತ್ತದೆ.

ಬಟ್ಟೆಯ ಅಂಚಿನಿಂದ ನಾಲ್ಕೈದು ಎಳೆ ಬಿಡಿಸಿ, ಒಟ್ಟಿಗೆ ಹುರಿ ಮಾಡಿ, ಚಿಮಟದಲ್ಲಿ ಹಿಡಿದು ಬೆಂಕಿ ಕಡ್ಡಿಗೆ ತೋರಿಸಿ. ಅಸಲಿ ರೇಷ್ಮೆ ಬೆಂಕಿಯಿಂದ ಹಿಂದೆ ಸರಿದು ಸುರುಟಿಕೊಳ್ಳುತ್ತದೆ, ನಿಧಾನಕ್ಕೆ ಉರಿಯುತ್ತದೆ, ಕಡ್ಡಿ ತೆಗೆದರೆ ತಾನೇ ಆರುತ್ತದೆ. ಕೂದಲು ಸುಟ್ಟ ವಾಸನೆ ಬರುತ್ತದೆ. ತುದಿಯಲ್ಲಿ ಉಳಿದ ಕಪ್ಪು ಗುಂಡನ್ನು ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ತೊಟ್ಟಿಕ್ಕುತ್ತದೆ, ಆರಿದ ಮೇಲೆ ಕಲ್ಲಿನಂಥ ಮಣಿಯಾಗಿ ಉಳಿಯುತ್ತದೆ. ರೇಯಾನ್ ಕಾಗದ ಸುಟ್ಟ ವಾಸನೆ ಬೀರಿ ಸರಸರನೆ ಉರಿದುಹೋಗುತ್ತದೆ.

ಇನ್ನೊಂದು ಪರೀಕ್ಷೆ ಬ್ಲೀಚಿನದು. ಬಟ್ಟೆ ಬಿಳುಪಿಗೆ ಮನೆಯಲ್ಲಿ ಬಳಸುವ ಕ್ಲೋರಿನ್ ದ್ರಾವಣದಲ್ಲಿ ಒಂದು ಎಳೆ ಬಿಟ್ಟಿಡಿ. ರೇಷ್ಮೆಯಾದರೆ ಕರಗಿ ಮಾಯವಾಗುತ್ತದೆ. ಹತ್ತಿ, ರೇಯಾನ್, ಪಾಲಿಯೆಸ್ಟರ್ ಹಾಗೇ ಉಳಿಯುತ್ತವೆ. ಉಂಗುರದೊಳಗೆ ಹಾಯಿಸಿ ನೋಡುವುದು, ಕಿವಿಯ ಹತ್ತಿರ ಉಜ್ಜಿ ಸದ್ದು ಕೇಳುವುದು ನಂಬಿಕೆಗೆ ಅರ್ಹವಲ್ಲ. ತೆಳ್ಳಗಿನ ಯಾವ ಬಟ್ಟೆಯೂ ಉಂಗುರದಲ್ಲಿ ಹಾಯುತ್ತದೆ. ರೇಷ್ಮೆಯ ಆ ಸರಬರ ಸದ್ದು ನೂಲಿಗೆ ಆಮ್ಲದ ನೀರು ಕುಡಿಸಿದಾಗ ಬರುವಂಥದ್ದು.

ಸುಟ್ಟು ನೋಡಲು ಅಂಗಡಿಯವರು ಒಪ್ಪದಿದ್ದರೆ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ಕೇಳಿ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಶುರುವಾದ ಗುರುತು ಅದು.

4. ಹಾಸು ಬೇರೆ, ಹೊಕ್ಕು ಬೇರೆ ಸುಡಿ

ಉದ್ದದ ಎಳೆ (ಹಾಸು) ರೇಷ್ಮೆಯಾಗಿದ್ದು ಅಡ್ಡದ ಎಳೆ (ಹೊಕ್ಕು) ಬೇರೇನೋ ಆಗಿರುವ ಬಟ್ಟೆ ಮಾರುಕಟ್ಟೆಯಲ್ಲಿ ಧಾರಾಳ. ಇಳಕಲ್ ಸೀರೆಯಲ್ಲಿ ಹತ್ತಿ, ರೇಷ್ಮೆ, ಕೃತಕ ರೇಷ್ಮೆ ಒಂದೇ ಸೀರೆಯೊಳಗೆ ಸೇರಿ ಬರುವುದು ವಾಡಿಕೆ. ಅದು ಆ ಸೀರೆಯ ಸೊಗಸು, ಮೋಸವಲ್ಲ. ಬಿಲ್ಲಿಗಾದರೆ ಎರಡೂ ದಿಕ್ಕಿನ ಎಳೆ ರೇಷ್ಮೆಯೇ ಇರಲಿ.

5. ಸಾದಾ ನೇಯ್ಗೆಗೆ ಮೊದಲ ಮಣೆ

ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ ಹಾಯುವ ಸರಳ ನೇಯ್ಗೆ ಬೇಕು. ಮೈ ಸಮವಾಗಿರುತ್ತದೆ, ಅಂಟು ಎರಡೂ ಬದಿಯಿಂದ ಒಂದೇ ಹದದಲ್ಲಿ ಇಳಿಯುತ್ತದೆ, ಕತ್ತರಿಸಿದ ಅಂಚು ಬೇಗ ಬಿಚ್ಚಿಕೊಳ್ಳುವುದಿಲ್ಲ. ಈ ಒಂದು ಮಾತನ್ನು ಹಿಡಿದುಕೊಂಡರೆ ಅಂಗಡಿಯ ಮುಕ್ಕಾಲು ಪಾಲು ಬಟ್ಟೆಯನ್ನು ನೀವೇ ಪಕ್ಕಕ್ಕಿಡಬಹುದು.

ಸ್ಯಾಟಿನ್ ಬೇಡ. ಅದರ ಹೊಳಪು ಬರುವುದೇ ಎಳೆಗಳು ಉದ್ದುದ್ದ ತೇಲುವುದರಿಂದ. ತೇಲುವ ಎಳೆಗೆ ಬೆರಳೋ ಮುಳ್ಳೋ ತಾಗಿದರೆ ಕಿತ್ತು ಬರುತ್ತದೆ. ಜಾರ್ಜೆಟ್, ಶಿಫಾನ್ ಬೇಡ. ಬಿಗಿ ಹುರಿಯ ನೂಲು, ಜಾಳು ನೇಯ್ಗೆ. ಆರ್ಗಾಂಜಾ ಬೇಡ, ಗೋಂದು ತೆಗೆಯದ ನೂಲಿನಿಂದ ನೇಯ್ದದ್ದಾದ್ದರಿಂದಲೇ ಅದಕ್ಕೆ ಆ ಬಿರುಸು. ಡುಪಿಯಾನ್ ನೋಡಲು ಗಂಭೀರವಾಗಿದ್ದರೂ ಅಲ್ಲಲ್ಲಿ ಉಬ್ಬಿದ ದಪ್ಪ ನೂಲಿನ ಕೆಳಗೆ ಗಾಳಿ ಉಳಿಯುತ್ತದೆ. ಟಸ್ಸಾರ್ ಒರಟು, ಅಂಟು ಜಾಸ್ತಿ ಕುಡಿಯುತ್ತದೆ. ಏರಿ ಮತ್ತು ಸ್ಪನ್ ಸಿಲ್ಕ್ ತುಂಡು ನಾರನ್ನು ಹೊಸೆದು ಮಾಡಿದ ನೂಲು. ನಮಗೆ ಬೇಕಾದ್ದು ಹಿಪ್ಪುನೇರಳೆ ಸೊಪ್ಪು ತಿಂದ ಹುಳುವಿನ ಗೂಡಿನಿಂದ ನೂರಾರು ಮೀಟರ್ ಕಡಿಯದೆ ಬಿಚ್ಚಿ ತೆಗೆದ ಎಳೆ.

ಮೈಸೂರು ಸಿಲ್ಕ್ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಕನ್ನಡಿಗರ ಮನಸ್ಸು ಮೊದಲು ಹೋಗುವುದು ಅದರ ಕಡೆಗೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಶುರುವಾದ ಕಾರ್ಖಾನೆಯ ಆ ಕ್ರೇಪ್ ಬಟ್ಟೆ ಮೈಮೇಲೆ ನೀರಿನಂತೆ ಇಳಿಯುವುದು ಹೊಕ್ಕಿನ ನೂಲಿಗೆ ಕೊಟ್ಟ ಬಿಗಿ ಹುರಿಯಿಂದ. ಅದೇ ಹುರಿ ಬಿಲ್ಲಿನ ಮೇಲೆ ತೊಂದರೆ. ನೀರಿರುವ ಅಂಟು ತಾಗಿದೊಡನೆ ಹುರಿ ಬಿಗಿದು ಬಟ್ಟೆ ಅಗಲದಲ್ಲಿ ಕುಗ್ಗುತ್ತದೆ, ಅಂಚು ಒಳಕ್ಕೆ ಸರಿಯುತ್ತದೆ, ಬೆನ್ನಿನ ಎರಡೂ ಬದಿ ಬರಿದಾಗುತ್ತವೆ. ಸಿಬಿರು ಹೆಚ್ಚಾಗಿ ಏಳುವುದೇ ಆ ಅಂಚುಗಳಲ್ಲಿ. ಮೈಸೂರು ಸಿಲ್ಕನ್ನು ಉಟ್ಟು ಸಂತೋಷಪಡಿ, ಅಂಟಿಸಬೇಡಿ.

6. ಸೀರೆ ಸಾಲು ಬಿಟ್ಟು ಪಂಚೆ ಸಾಲಿಗೆ ಹೋಗಿ

ನನ್ನ ಮಟ್ಟಿಗೆ ಬಿಲ್ಲಿಗೆ ಅತ್ಯುತ್ತಮ ಬಟ್ಟೆ ಪೂಜೆಗೆ ಉಡುವ ಬಿಳಿ ಮಗುಟ ಮತ್ತು ಅದರ ಜೊತೆಯ ಶಲ್ಯ. ಮೈಯಲ್ಲಿ ಹೂವಿಲ್ಲ, ಬುಟ್ಟಾ ಇಲ್ಲ, ಸಾದಾ ನೇಯ್ಗೆ, ಬಣ್ಣ ಹಾಕಿರುವುದಿಲ್ಲ, ಜರಿ ಅಂಚಿಗೆ ಮಾತ್ರ. ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆ ಕಡೆಯ ಜವಳಿ ಅಂಗಡಿಗಳಲ್ಲಿ ಮದುವೆ ಬಟ್ಟೆಯ ಜೊತೆ ಇದು ಬಂದೇ ಬರುತ್ತದೆ. ಶಲ್ಯದ ಉದ್ದ ಸಾಮಾನ್ಯವಾಗಿ ಆಳುದ್ದದ ಬಿಲ್ಲಿಗಿಂತ ಹೆಚ್ಚಿರುವುದರಿಂದ ಕೊಪ್ಪಿನಿಂದ ಕೊಪ್ಪಿಗೆ ಜೋಡಣೆಯಿಲ್ಲದ ಒಂದೇ ಪಟ್ಟಿ ಸಿಗುತ್ತದೆ, ಒಂದು ಶಲ್ಯದಲ್ಲಿ ಹಲವು ಬಿಲ್ಲುಗಳಿಗೆ ಆಗುತ್ತದೆ. ಗೆಳೆಯರು ಸೇರಿ ಕೊಂಡರೆ ಒಬ್ಬೊಬ್ಬರ ಪಾಲಿಗೆ ಬೀಳುವುದು ಅಲ್ಪ.

ಹೊಸ ಶಲ್ಯ ದುಬಾರಿ ಎನಿಸಿದರೆ ಸಾದಾ ರೇಷ್ಮೆಯ ರವಿಕೆ ಕಣ ಕೇಳಿ. ಒಂದು ಮೀಟರ್ ಸಾಕು. ಎರಡು ಪಟ್ಟಿ ಕತ್ತರಿಸಿ ಬಿಲ್ಲಿನ ಮೇಲಿನ ತೋಳಿಗೊಂದು, ಕೆಳಗಿನ ತೋಳಿಗೊಂದು ಹಾಕಿ, ಹಿಡಿಯ ಮೇಲೆ ಎರಡು ಇಂಚು ಒಂದರ ಮೇಲೊಂದು ಕೂರಿಸಬಹುದು. ಹಿಡಿ ಬಾಗುವುದಿಲ್ಲ, ಆದ್ದರಿಂದ ಜೋಡಣೆ ಅಲ್ಲಿ ಕ್ಷೇಮ. ತೋಳಿನ ನಡುವೆ ಮಾತ್ರ ಜೋಡಣೆ ಯಾವತ್ತೂ ಬರಕೂಡದು.

7. ತೂಗಿ ಕೊಳ್ಳಿ

ರೇಷ್ಮೆ ಬಟ್ಟೆಯ ತೂಕಕ್ಕೆ ಜಗತ್ತಿನಲ್ಲೆಲ್ಲ ಮೊಮ್ಮಿ ಎಂಬ ಜಪಾನಿ ಅಳತೆ ನಡೆಯುತ್ತದೆ. 1 ಮೊಮ್ಮಿ ಎಂದರೆ ಚದರ ಮೀಟರಿಗೆ 4.34 ಗ್ರಾಂ. ನಮ್ಮ ಅಂಗಡಿಗಳಲ್ಲಿ ಆ ಲೆಕ್ಕ ಕೇಳಿದರೆ ಮುಖ ನೋಡುತ್ತಾರೆ. ಪರವಾಗಿಲ್ಲ. ಬಟ್ಟೆಯ ಉದ್ದ ಅಗಲ ಅಳೆದು ತಕ್ಕಡಿಯಲ್ಲಿಡಿ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಬಟ್ಟೆ 90 ಗ್ರಾಂ ತೂಗಿದರೆ ಚದರ ಮೀಟರಿಗೆ 45 ಗ್ರಾಂ ಆಯಿತು, ಅಂದರೆ ಸುಮಾರು 10 ಮೊಮ್ಮಿ. ಜರಿ ಅಂಚಿದ್ದರೆ ಅದರ ತೂಕ ಬಿಟ್ಟು ಅಂದಾಜು ಮಾಡಿ.

ನನ್ನ ಸಲಹೆ ಚದರ ಮೀಟರಿಗೆ 30ರಿಂದ 50 ಗ್ರಾಮಿನ ಬಟ್ಟೆ. 170 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲದ ಬೆನ್ನಿಗೆ 35 ಗ್ರಾಮಿನ ಬಟ್ಟೆಯಾದರೆ ಇಡೀ ಪಟ್ಟಿಯ ತೂಕ ಎರಡೂವರೆ ಗ್ರಾಂ ಕೂಡ ಆಗುವುದಿಲ್ಲ. ಅನುಮಾನದ ಮರಕ್ಕೆ ದಪ್ಪ ಬಟ್ಟೆಯ ಒಂದು ಪದರಕ್ಕಿಂತ ತೆಳು ಬಟ್ಟೆಯ ಎರಡು ಪದರ ಮೇಲು. ತೆಳುವಾದದ್ದು ಮರದ ಏರಿಳಿವಿಗೆ ಅಂಟಿಕೊಂಡು ಕೂರುತ್ತದೆ.

8. ಹಾಸಿನ ಎಳೆ ಬಿಲ್ಲಿನ ಉದ್ದಕ್ಕೆ

ಮಗ್ಗದಲ್ಲಿ ಹಾಸಿನ ನೂಲು ಬಿಗಿಯಾಗಿ ನಿಂತಿರುತ್ತದೆ, ಹೊಕ್ಕು ಅದರ ನಡುವೆ ಹಾವಾಡಿಕೊಂಡು ಹೋಗುತ್ತದೆ. ನೇರ ನಿಂತ ಎಳೆ ಎಳೆತಕ್ಕೆ ಕೂಡಲೇ ಓಗೊಡುತ್ತದೆ. ಸೆರಗಿನಿಂದ ಸೆರಗಿಗೆ ಹೋಗುವ ದಿಕ್ಕೇ ಹಾಸು; ಕಂಬಿ ಅಂಚು ಅದರ ಜೊತೆಜೊತೆಗೇ ಓಡುತ್ತದೆ. ಪಟ್ಟಿಯನ್ನು ಆ ಅಂಚಿಗೆ ಸಮನಾಗಿ ಕತ್ತರಿಸಿ. ಕಣ್ಣಳತೆ ಬೇಡ: ಒಂದು ಹಾಸಿನ ಎಳೆಯನ್ನು ಸೂಜಿಯಿಂದ ಎತ್ತಿ ಮೆಲ್ಲಗೆ ಪೂರ್ತಿ ಎಳೆದು ತೆಗೆದರೆ ಬಟ್ಟೆಯಲ್ಲಿ ಸಣ್ಣ ಗೆರೆ ಬೀಳುತ್ತದೆ, ಕತ್ತರಿ ಆ ಗೆರೆಯ ಮೇಲೆ ಹೋಗಲಿ. ಓರೆಯಾಗಿ ಕತ್ತರಿಸಿದ ಪಟ್ಟಿ ಒದ್ದೆಯಾದಾಗ ರಬ್ಬರಿನ ಹಾಗೆ ಜಗ್ಗುತ್ತದೆ, ಬೆನ್ನಿನ ಮೇಲೆ ನೇರ ನಿಲ್ಲುವುದಿಲ್ಲ.

ಅಗಲ ಬೆನ್ನಿಗಿಂತ ಎರಡೂ ಬದಿ ಅರ್ಧರ್ಧ ಸೆಂಟಿಮೀಟರ್ ಹೆಚ್ಚಿರಲಿ.

9. ಜರಿ ಬೇಡ

ಲೋಹದ ಎಳೆಗೆ ಅಂಟು ಹಿಡಿಯದು, ಬಾಗಿದಾಗ ಪಕ್ಕದ ರೇಷ್ಮೆಯನ್ನೇ ಕುಯ್ಯುತ್ತದೆ. ಅಂಚು ಕತ್ತರಿಸಿ ತೆಗೆದಿಡಿ.

10. ಅಜ್ಜಿಯ ಸೀರೆಯಾದರೆ ಮಡಿಕೆ ನೋಡಿ

ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟ ರೇಷ್ಮೆ ಮಡಿಕೆಯ ಗೆರೆಯಲ್ಲೇ ಮೊದಲು ಸೀಳುತ್ತದೆ. ಎರಡೂ ಕೈಯ ಹೆಬ್ಬೆರಳನ್ನು ಮಡಿಕೆಯ ಆಚೀಚೆ ಇಟ್ಟು ಗಟ್ಟಿಯಾಗಿ ಹಿಗ್ಗಿಸಿ. ಎಳೆ ಸರಿದು ಕಿಂಡಿ ಬಿದ್ದರೆ ಅಥವಾ ಟಪ್ಪೆಂದು ಹರಿದರೆ ಆ ಸೀರೆಯ ಆಯಸ್ಸು ಮುಗಿದಿದೆ. ಬೆವರು ಬಿದ್ದ ಕಂಕುಳ ಭಾಗ, ಬಿಸಿಲು ತಿಂದ ಸೆರಗು ಇನ್ನೂ ದುರ್ಬಲ. ಹಿಗ್ಗಿಸಿದಾಗ ಗಟ್ಟಿಯಾಗಿ ನಿಂತರೆ ಹಳೆಯದೂ ಒಳ್ಳೆಯದೇ. ಹತ್ತಾರು ಸಲ ಒಗೆದು ಅದರ ಗಂಜಿ, ಬಣ್ಣ ಎಲ್ಲ ಹೋಗಿರುತ್ತದೆ.

ಒಂದು ಬೇಡಿಕೆ. ಚಳ್ಳಕೆರೆ ದಾಟಿ ಮೊಳಕಾಲ್ಮುರಿನಲ್ಲಿ ಕೈಮಗ್ಗದ ಮೇಲೆ ನೇಯ್ದ ಹಳೆಯ ಸೀರೆ ನಿಮ್ಮ ಮನೆಯಲ್ಲಿದ್ದರೆ ಅದಕ್ಕೆ ಕತ್ತರಿ ಹಾಕಬೇಡಿ. ಅಂಥ ಅಂಚು, ಬುಟ್ಟಾ ತೆಗೆಯುವ ಕೈಗಳು ಕಡಿಮೆಯಾಗುತ್ತಿವೆ. ಬಿಲ್ಲಿಗೆ ಬೇರೆ ಬಟ್ಟೆ ಸಿಕ್ಕೇ ಸಿಗುತ್ತದೆ.

11. ಬಿಳಿಯದನ್ನೇ ಆರಿಸಿ

ಕೆಂಪು, ಹಸಿರು ಬೆನ್ನಿನ ಬಿಲ್ಲು ಕಣ್ಣಿಗೆ ಹಬ್ಬ ಎನ್ನುವುದು ನಿಜ. ಆದರೂ ಬಿಳಿಗೇ ನನ್ನ ಮತ. ಅಂಟು ಕುಡಿದ ತೆಳು ಬಿಳಿ ರೇಷ್ಮೆ ಒಣಗಿದ ಮೇಲೆ ಅರೆಪಾರದರ್ಶಕವಾಗುತ್ತದೆ, ಕೆಳಗಿನ ಮರದ ಎಳೆ ಕಾಣುತ್ತದೆ. ನಾಳೆ ಒಳಗೆ ಬಿರುಕು ಶುರುವಾದರೆ ಗೆರೆಯಾಗಿ ಕಣ್ಣಿಗೆ ಬೀಳುತ್ತದೆ. ಗಾಢ ಬಣ್ಣದ ಬಟ್ಟೆ ಅದನ್ನು ಮುಚ್ಚಿಡುತ್ತದೆ, ಮುರಿಯುವ ದಿನದವರೆಗೂ ತಿಳಿಯುವುದಿಲ್ಲ. ಕಲಿಯುವವರ ಕೈಲಿರುವ ಬಿಲ್ಲಿಗಂತೂ ಈ ಮಾತಿನಲ್ಲಿ ರಾಜಿ ಇಲ್ಲ. ಬಣ್ಣವೇ ಬೇಕೆಂದರೆ ಮೂಲೆಯೊಂದನ್ನು ಒದ್ದೆ ಮಾಡಿ ಬಿಳಿ ಅರಿವೆಯ ಮೇಲೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಅಂಟಿನೊಳಗೂ ಬಿಡುತ್ತದೆ.

12. ಗೋಂದು, ಗಂಜಿ, ಪಾಲಿಶ್ ಎಲ್ಲ ತೆಗೆಯಿರಿ

ಹುಳು ಸುತ್ತಿದ ಹಸಿ ನೂಲಿನಲ್ಲಿ ತೂಕದ ಶೇಕಡಾ 20ರಿಂದ 30ರಷ್ಟು ಸೆರಿಸಿನ್ ಎಂಬ ಗೋಂದೇ ಇರುತ್ತದೆ. ಬಿಸಿ ಸಾಬೂನು ನೀರಿನಲ್ಲಿ ಬೇಯಿಸಿ ಅದನ್ನು ತೆಗೆದ ಮೇಲೆಯೇ ರೇಷ್ಮೆಗೆ ಮೃದುತನ, ಹೊಳಪು ಬರುವುದು. ಗೋಂದು ಉಳಿದ ಬಟ್ಟೆ ಕಾಗದದ ಹಾಗೆ ಸೆಡೆದು ನಿಂತಿರುತ್ತದೆ. ಅದರ ಮೇಲೆ ಅಂಟು ಹಾಕಿದರೆ ನಾರಿಗೆ ಅಂಟಿದಂತಾಗುವುದಿಲ್ಲ, ಗೋಂದಿಗೆ ಅಂಟಿದಂತಾಗುತ್ತದೆ. ತೇವಕ್ಕೆ ಗೋಂದು ಮೆತ್ತಗಾದರೆ ಬಟ್ಟೆ ಸಿಪ್ಪೆಯಾಗಿ ಎದ್ದು ಬರುತ್ತದೆ.

ಅಂಗಡಿಯಿಂದ ತಂದದ್ದು ಎಷ್ಟೇ ನಯವಾಗಿರಲಿ, ಉಗುರು ಬೆಚ್ಚನೆ ನೀರಿಗೆ ತಲೆಗೆ ಹಾಕುವ ಶಾಂಪೂ ಸ್ವಲ್ಪ ಹಾಕಿ ಅದ್ದಿ, ಹಿಂಡದೆ ಒತ್ತಿ ತೊಳೆಯಿರಿ. ನೀರು ತಿಳಿಯಾಗುವವರೆಗೂ ಬದಲಿಸಿ. ವಾಷಿಂಗ್ ಸೋಡಾ ಮುಟ್ಟಿಸಬೇಡಿ, ಬ್ಲೀಚಿನ ಮಾತಂತೂ ಮೇಲೆ ಹೇಳಿದ್ದಾಗಿದೆ. ಬಟ್ಟೆ ಮೆತ್ತಗಾಗಲೆಂದು ಕೊನೆಗೆ ಹಾಕುವ ಕಂಡಿಷನರ್ ಕೂಡ ಬೇಡ, ಅದರ ಜಿಡ್ಡು ಅಂಟಿಗೆ ಶತ್ರು. ನೆರಳಲ್ಲಿ ಒಣಗಿಸಿ, ಇನ್ನೂ ಸ್ವಲ್ಪ ತೇವವಿರುವಾಗಲೇ ಮಧ್ಯಮ ಕಾವಿನ ಇಸ್ತ್ರಿ ಹಾಕಿ. ಪಟ್ಟಿ ಕತ್ತರಿಸುವುದು ತೊಳೆದ ಮೇಲೆ.

13. ಅಂಟು ಮೂರು ಬಗೆ. ಹೊಸಬರಿಗೆ ಬಿಳಿ ಅಂಟೇ ಸಾಕು

ಪ್ರಾಣಿಯ ತೊಗಲು, ಎಲುಬು ಬೇಯಿಸಿ ಮಾಡಿದ ಹಳೆಯ ಕಾಲದ ಸರೇಸು ಒಣಗುವಾಗ ತಾನೇ ಬಿಗಿದುಕೊಳ್ಳುತ್ತದೆ, ರೇಷ್ಮೆಯ ಜೊತೆ ಅದರ ಹೊಂದಾಣಿಕೆ ಬಹಳ ಚೆನ್ನ. ಬಿಸಿಯಾಗಿ ಇಟ್ಟುಕೊಂಡೇ ಹಚ್ಚಬೇಕು, ಮಳೆಗಾಲದ ತೇವ ಅದಕ್ಕೆ ಆಗದು. ಎಪಾಕ್ಸಿ ನೀರಿಗೆ ಹೆದರುವುದಿಲ್ಲ. ಭಾರ ಹೆಚ್ಚು, ಮೈಗೆ ಮೆತ್ತಿಕೊಂಡರೆ ತೊಳೆಯುವುದು ಕಷ್ಟ, ಕೈಗವಸು ಬೇಕು. ಫೆವಿಕಾಲ್ ಜಾತಿಯ ಬಿಳಿ ಅಂಟು ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ತಪ್ಪಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಹಚ್ಚಬಹುದು. ಅದರಲ್ಲೇ ನೀರು ತಾಳುವ ಬಗೆ ಸಿಕ್ಕರೆ ಇನ್ನೂ ಒಳ್ಳೆಯದು. ಚಪ್ಪಲಿಗೆ ಹಾಕುವ ರಬ್ಬರ್ ಅಂಟು ಒಣಗಿದ ಮೇಲೂ ಜಗ್ಗುತ್ತದೆ, ಬೇಡ. ಕ್ಷಣಾರ್ಧದಲ್ಲಿ ಹಿಡಿಯುವ ಅಂಟು ಗಾಜಿನಂತೆ ಪೆಡಸು, ಅದೂ ಬೇಡ.

14. ಬಿಲ್ಲಿಗೆ ಮುಂಚೆ ತುಂಡು ಹಲಗೆಗೆ

ಅದೇ ಮರದ ಚೂರು, ಅದೇ ಬಟ್ಟೆ, ಅದೇ ಅಂಟು. ಒಂದು ಗೇಣು ಅಂಟಿಸಿ ಪೂರ್ತಿ ಒಣಗಲು ಬಿಡಿ, ಆಮೇಲೆ ಒಂದು ಮೂಲೆ ಹಿಡಿದು ಕೀಳಿ. ಬಟ್ಟೆಯ ಜೊತೆ ಮರದ ಪುಡಿ, ನಾರು ಎದ್ದು ಬಂದರೆ ಅಂಟು ಗೆದ್ದಿದೆ. ಬಟ್ಟೆ ಶುಭ್ರವಾಗಿ ಕಳಚಿ ಬಂದರೆ ಮರದಲ್ಲಿ ಎಣ್ಣೆ ಇದೆ ಅಥವಾ ಬಟ್ಟೆಯಲ್ಲಿ ಪಾಲಿಶ್ ಉಳಿದಿದೆ. ಅಂಗಡಿಯ ಎಷ್ಟು ಮಾತು ಕೇಳಿದರೂ ಈ ಒಂದು ತುಂಡು ಹೇಳುವಷ್ಟು ತಿಳಿಯುವುದಿಲ್ಲ.

15. ಅಂಟಿಸುವ ಹೊತ್ತು ಮತ್ತು ಕ್ರಮ

ಬಿಲ್ಲಿನ ರೂಪ ಬಂದು, ಇನ್ನೂ ಪೂರ್ತಿ ಬಾಗಿಸುವ ಮೊದಲೇ ಅಂಟಿಸಿ. ಒಮ್ಮೆ ಸಿಬಿರು ಎದ್ದ ಮೇಲೆ ರೇಷ್ಮೆ ಹೊದಿಸುವುದು ತಡವಾದ ಮದ್ದು. ಬಾಗು ತಿದ್ದುವುದೆಲ್ಲ ಆಮೇಲೆ, ಅದೂ ಹೊಟ್ಟೆಯ ಕಡೆಯಿಂದಲೇ ಮರ ತೆಗೆದು.

ಬೆನ್ನನ್ನು 120ರ ಉಪ್ಪು ಕಾಗದದಲ್ಲಿ ಉದ್ದಕ್ಕೇ ಉಜ್ಜಿ, ಎರಡೂ ಅಂಚಿನ ಚೂಪು ಮುರಿದು ದುಂಡಗೆ ಮಾಡಿ. ಪುಡಿ ಒರೆಸಿ. ಅಲ್ಲಿಂದ ಮುಂದೆ ಬೆನ್ನಿಗೆ ಬರಿಗೈ ತಾಗದಿರಲಿ, ಬೆವರಿನ ಜಿಡ್ಡೂ ಅಂಟನ್ನು ತಡೆಯುತ್ತದೆ. ಅಂಟಿಗೆ ಕೊಂಚ ನೀರು ಬೆರೆಸಿ ತೆಳ್ಳಗೆ ಒಂದು ಕೈ ಹಚ್ಚಿ, ಮರ ಅದನ್ನು ಹೀರಲಿ. ಅದು ಆರಿದ ಮೇಲೆ ಎರಡನೆಯ ಕೈ. ಪಟ್ಟಿಯನ್ನು ಒದ್ದೆ ಮಾಡಿ, ನೀರನ್ನು ಒತ್ತಿ ತೆಗೆದು, ಹಿಡಿಯ ಮೇಲೆ ಇಟ್ಟು ಅಲ್ಲಿಂದ ಒಂದು ಕೊಪ್ಪಿನ ಕಡೆಗೆ, ಆಮೇಲೆ ಇನ್ನೊಂದು ಕೊಪ್ಪಿನ ಕಡೆಗೆ ಹೆಬ್ಬೆರಳಿನಿಂದ ನೀವುತ್ತಾ ಹೋಗಿ. ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಗಾಳಿಯನ್ನೂ ಹೆಚ್ಚಿನ ಅಂಟನ್ನೂ ಹೊರಕ್ಕೆ ತಳ್ಳಿ. ಬಟ್ಟೆಯ ಕಣ್ಣುಕಣ್ಣಿನಿಂದ ಅಂಟು ಇಷ್ಟಿಷ್ಟೇ ಜಿನುಗಿ, ನೇಯ್ಗೆ ಇನ್ನೂ ಕಾಣುತ್ತಿದ್ದರೆ ಹದ ಸರಿ. ಬಿಳಿ ಕೆನೆ ಕಟ್ಟಿದ್ದರೆ ಜಾಸ್ತಿಯಾಗಿದೆ. ಒಣಗಿದ ಬಣ್ಣದ ಚುಕ್ಕೆ ಅಲ್ಲಲ್ಲಿ ಇದ್ದರೆ ಕೆಳಗೆ ಗಾಳಿಯಿದೆ, ಸೂಜಿಯಿಂದ ಚುಚ್ಚಿ ಒತ್ತಿ.

ಏಪ್ರಿಲ್ ಬಿಸಿಲಿನಲ್ಲಿ ಈ ಕಡೆ ಅಂಟು ನೋಡನೋಡುತ್ತ ಕೆನೆಗಟ್ಟುತ್ತದೆ. ಬೆಳಗಿನ ತಂಪಿನಲ್ಲಿ ಮಾಡಿ. ಬೇಸಿಗೆಯಲ್ಲಿ ಒಂದು ದಿನ, ಮಳೆಗಾಲದಲ್ಲಿ ಎರಡು ಮೂರು ದಿನ ನೆರಳಲ್ಲಿ ಬಿಡಿ. ಹೊರಗೆ ಉಳಿದ ಅಂಚನ್ನು ಕತ್ತರಿಯಿಂದ ಕತ್ತರಿಸಬೇಡಿ, ಉಪ್ಪು ಕಾಗದವನ್ನು ಬೆನ್ನಿನಿಂದ ಹೊಟ್ಟೆಯ ಕಡೆಗೆ ಒಂದೇ ದಿಕ್ಕಿನಲ್ಲಿ ಉಜ್ಜಿ. ಬಟ್ಟೆ ತಾನೇ ತುಂಡಾಗಿ ಬೀಳುತ್ತದೆ, ಎಳೆ ಏಳುವುದಿಲ್ಲ.

16. ಕೊನೆಗಳಿಗೆ ನೂಲು ಸುತ್ತಿ, ಹೆದೆಗೆ ಬೇರೆ ನಾರು

ಪಟ್ಟಿ ಮೊದಲು ಎದ್ದು ಬರುವುದು ಕೊಪ್ಪಿನ ಬಳಿ. ಅಲ್ಲಿ ರೇಷ್ಮೆ ಹುರಿಯನ್ನು ಒತ್ತೊತ್ತಾಗಿ ಒಂದು ಬೆರಳಗಲ ಸುತ್ತಿ ಅಂಟು ಕುಡಿಸಿ. ಉಳಿದ ರೇಷ್ಮೆಯಿಂದ ಹೆದೆಯನ್ನೂ ಹೊಸೆಯೋಣ ಎಂಬ ಆಸೆ ಸಹಜ. ಧನುರ್ವೇದದ ಗ್ರಂಥಗಳಲ್ಲಿ ಪಟ್ಟಸೂತ್ರದ, ಅಂದರೆ ರೇಷ್ಮೆ ನೂಲಿನ, ಹೆದೆಯ ಮಾತಿದೆ. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಹಸ್ತಪ್ರತಿಯಿಂದ 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರವು ತಾಳೆ, ಬಿದಿರು, ಮರ, ಕೊಂಬು ಎಂದು ನಾಲ್ಕು ಬಗೆಯ ಬಿಲ್ಲು ಹೇಳಿ, ಹೆದೆಗೆ ಮೂರ್ವಾ, ಎಕ್ಕ, ಸಣಬು, ಸ್ನಾಯು ಮುಂತಾದವನ್ನು ಹೆಸರಿಸುತ್ತದೆ. ಆ ಪಟ್ಟಿಯಲ್ಲಿ ರೇಷ್ಮೆಯಿಲ್ಲ. ಹಿಗ್ಗುವ ಗುಣ ಬೆನ್ನಿಗೆ ವರ, ಹೆದೆಗೆ ಅಷ್ಟು ಒಳ್ಳೆಯದಲ್ಲ. ಕಲಿಯುವವರು ಹೆದೆಯನ್ನು ಅಂಗಡಿಯಿಂದ ಪಾಲಿಯೆಸ್ಟರ್ ನೂಲಿನದೇ ತರುವುದು ವಾಸಿ.

17. ಮೇಲೆ ಲೇಪ ಕೊಡದೆ ಬಿಡಬೇಡಿ

ಬಿಸಿಲು ರೇಷ್ಮೆಯನ್ನು ಹಳದಿಯಾಗಿಸುತ್ತದೆ, ಕೊನೆಗೆ ಪೆಡಸಾಗಿಸುತ್ತದೆ. ತೇವ ಬಿಳಿ ಅಂಟನ್ನು ಮೆತ್ತಗೆ ಮಾಡುತ್ತದೆ. ಬಡಗಿಗಳು ಬಾಗಿಲಿಗೆ ಹಾಕುವ ಅರಗಿನ ಪಾಲಿಶ್ ತೆಳ್ಳಗೆ ಮೂರು ನಾಲ್ಕು ಕೈ, ಅದರ ಮೇಲೆ ವಾರ್ನಿಷ್. ಬಿಲ್ಲನ್ನು ಹೆದೆ ಇಳಿಸಿ, ಗೋಡೆಗೆ ಅಡ್ಡಲಾಗಿ ಎರಡು ಗೂಟದ ಮೇಲೆ ಮಲಗಿಸಿಡಿ. ಮುಚ್ಚಿದ ಕಾರಿನೊಳಗೆ ಬಿಟ್ಟು ಹೋಗಬೇಡಿ.

18. ಪ್ರತಿ ಸಲ ಹೆದೆ ಏರಿಸುವ ಮುನ್ನ ಬೆನ್ನು ಸವರಿ

ಹತ್ತಿ ಉಂಡೆಯೊಂದನ್ನು ಬೆನ್ನಿನ ಮೇಲೆ ಕೊಪ್ಪಿನಿಂದ ಕೊಪ್ಪಿಗೆ ಎಳೆಯಿರಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ರೇಷ್ಮೆ ಹರಿದಿದೆ ಅಥವಾ ಕೆಳಗಿನ ಸಿಬಿರು ಅದನ್ನು ತೂರಿ ಬಂದಿದೆ. ಬಟ್ಟೆ ಮಾತ್ರ ಸವೆದಿದ್ದರೆ ಅದರ ಮೇಲೊಂದು ತೇಪೆ ಸಾಕು. ಬಿಳಿ ಪದರದ ಅಡಿಯಲ್ಲಿ ಅಡ್ಡ ಗೆರೆ ಕಂಡರೆ ಆ ಬಿಲ್ಲನ್ನು ಎಳೆಯಬೇಡಿ. ಹೊಟ್ಟೆಯ ಕಡೆಯ ಸುಕ್ಕು ಗೆರೆಗೆ ರೇಷ್ಮೆಯಲ್ಲಿ ಮದ್ದಿಲ್ಲ. ಆ ತೋಳು ಒಂದೇ ಕಡೆ ಹೆಚ್ಚು ಬಾಗುತ್ತಿದೆ, ತಿದ್ದಬೇಕು.

ಹೊಸ ಬಿಲ್ಲನ್ನು ಮೊದಲ ಸಲ ಪೂರ್ತಿ ಎಳೆಯುವಾಗ ಕೈಯಲ್ಲಿ ಹಿಡಿದು ಎಳೆಯಬೇಡಿ. ಹಿಡಿಯನ್ನು ಗೋಡೆಯ ಗೂಟಕ್ಕೆ ಕೂರಿಸಿ, ಹೆದೆಗೆ ಹಗ್ಗ ಕಟ್ಟಿ, ಕೆಳಗೊಂದು ರಾಟೆ ಹಾಕಿ ದೂರ ನಿಂತು ಎಳೆಯಿರಿ. ಬಾಣವಿಲ್ಲದೆ ಹೆದೆ ಬಿಡಕೂಡದು. ಬಾಣಕ್ಕೆ ಹೋಗಬೇಕಾದ ರಭಸವೆಲ್ಲ ಮರಕ್ಕೇ ಮರಳಿ ಬಡಿಯುತ್ತದೆ. ಮೆಕ್ಕೆಜೋಳ ಕೊಯ್ದ ಹೊಲದಲ್ಲಿ ಹುಲ್ಲಿನ ಪೆಂಡಿ ಒಟ್ಟಿ, ಅದರ ಹಿಂದೆ ಮಣ್ಣಿನ ಬದುವಿರುವಂತೆ ನೋಡಿಕೊಂಡು ಗುರಿ ಕಟ್ಟಿ. ಹಕ್ಕಿ, ಮೊಲ, ಜಿಂಕೆಯ ಕಡೆ ಬಿಲ್ಲು ಎತ್ತುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಜೊತೆಗೆ ಬಂದ ಚಿಕ್ಕ ಮಕ್ಕಳು ಬಿಲ್ಲುಗಾರನ ಹಿಂದೆ ದೂರ ನಿಲ್ಲಲಿ, ಪಕ್ಕದಲ್ಲಿ ಬೇಡ. ಮುರಿದ ತೋಳು ಯಾವ ಕಡೆಗಾದರೂ ಹಾರಬಹುದು.